ಗೀರು ತೆಗೆದವರಿಗೆ ಚಾವಿ

ನನ್ನ ಓರಗೆಯ ಹುಡುಗಿಯರು ಕಸೂತಿ ಹಾಕುತ್ತ ಕೂತ ವಯಸ್ಸಿನಲ್ಲಿ ನಾನು ಕಾರು ತಿಕ್ಕುತ್ತಿದ್ದೆ. ಹೇಳಿದರೆ ಈಗಿನವರು ನಗುತ್ತಾರೆ. ಆಗಿನವರೂ ನಕ್ಕರು. ನಗಲಿ, ಹಲ್ಲು ಅವರವು. ಮಂಕು ಹಿಡಿದ ತಗಡು ನನ್ನ ಕೈಯಡಿ ಕಪ್ಪಗೆ ಮಿಂಚಿ, ಅದರಲ್ಲಿ ನನ್ನದೇ ಮುಖ ಕಂಡಾಗ ಆಗುತ್ತಿದ್ದ ಖುಷಿ ನನಗೆ ಹೋಳಿಗೆ ಊಟದಲ್ಲೂ ಸಿಕ್ಕಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಮನೆ ಬಾಗಲಕೋಟೆಯ ಹಳೇ ಊರಿನಲ್ಲಿತ್ತು. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಅಪ್ಪ ವಕೀಲರು. ಊರಿನ ಕೋರ್ಟಿನಲ್ಲಿ ಇದ್ದಷ್ಟೇ ಕೆಲಸ ಅವರಿಗೆ ಬಾದಾಮಿ ಮತ್ತು ಹುನಗುಂದದ ಕೋರ್ಟುಗಳಲ್ಲೂ ಇರುತ್ತಿತ್ತು. ಅದಕ್ಕೆಂದೇ ಬಿಜಾಪುರದ ಡಾಕ್ಟರೊಬ್ಬರು ಬಳಸಿ ಬಿಟ್ಟಿದ್ದ ಒಂದು ಕರಿ ಅಂಬಾಸಿಡರ್ ತಂದಿದ್ದರು. ಆದರೆ ಅಪ್ಪನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಇದ್ದ ಡ್ರೈವರು ಕೆರೂರಿನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡು ಹೋದ ಮೇಲೆ ಚಾವಿ ನನ್ನ ಅಣ್ಣನ ಕೈಗೆ ಬಂತು. ಚಾವಿ ಬಂತು ಅಷ್ಟೇ, ಗಾಡಿಯ ಕಾಳಜಿ ಬರಲಿಲ್ಲ. ಓಡಿಸುವುದು ಅವನ ಕೆಲಸ, ಅದರ ಮೈಮೇಲೆ ಏನು ಬಿದ್ದಿದೆ ಎಂದು ನೋಡುವುದು ಶಿವನ ಕೆಲಸ.

ಗಾಡಿ ನಿಲ್ಲುತ್ತಿದ್ದದ್ದು ಮನೆಯ ಪಕ್ಕದ ತಗಡಿನ ಚಪ್ಪರದಲ್ಲಿ. ಅರ್ಧ ಮೈ ಚಪ್ಪರದೊಳಗೆ, ಅರ್ಧ ಮೈ ಬೇವಿನ ಗಿಡದ ಕೆಳಗೆ. ಬೇವಿನ ಅಂಟು, ಕಾಗೆಯ ಹಿಕ್ಕೆ, ಎರೆ ಮಣ್ಣಿನ ಧೂಳು ಎಲ್ಲ ಸೇರಿ ಕರಿ ಗಾಡಿ ಬೂದು ಬಣ್ಣಕ್ಕೆ ತಿರುಗಿತ್ತು. ಓಣಿಯ ಹುಡುಗರು ಆ ಧೂಳಿನ ಮೇಲೆ ಬೆರಳಿನಿಂದ ತಮ್ಮ ಹೆಸರು ಬರೆಯುತ್ತಿದ್ದರು, ಮಗ್ಗಿ ಬರೆಯುತ್ತಿದ್ದರು. ಒಂದು ದಿನ ಯಾವನೋ ಕತ್ತೆಯ ಚಿತ್ರ ಬರೆದು ಕೆಳಗೆ ‘ವಕೀಲರ ಗಾಡಿ’ ಎಂದು ಬರೆದಿದ್ದ. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಂದು ಬಕೆಟ್ ನೀರು, ಅಪ್ಪನ ಹಳೇ ಧೋತರದ ತುಂಡು ತಗೊಂಡು ಹೋಗಿ ಆ ಕತ್ತೆಯನ್ನು ತೊಳೆದೆ. ಅಷ್ಟು ಜಾಗ ಹೊಳೆಯಿತು. ಅಷ್ಟು ಹೊಳೆದ ಮೇಲೆ ಉಳಿದದ್ದನ್ನು ಹಾಗೇ ಬಿಡುವುದು ಹೇಗೆ? ಮಧ್ಯಾಹ್ನದ ಊಟ ಮರೆತು ಇಡೀ ಗಾಡಿ ತೊಳೆದೆ. ಅಂದಿನಿಂದ ಅದೊಂದು ಹುಚ್ಚು ಹತ್ತಿತು.

ಹತ್ತಿದ ಹುಚ್ಚನ್ನು ನಾನು ಅರ್ಧಕ್ಕೆ ಬಿಡುವವಳಲ್ಲ. ಒಣ ಬಟ್ಟೆಯಿಂದ ಧೂಳು ಒರೆಸಿದರೆ ಧೂಳೇ ಗೀರು ಮಾಡುತ್ತದೆ ಎಂಬುದನ್ನು ಕಂಡುಕೊಂಡೆ. ಮೊದಲು ನೀರು ಸುರಿದು ಧೂಳು ಇಳಿಸಬೇಕು, ಆಮೇಲೆ ಕೈ ಇಡಬೇಕು. ಬಿಸಿಲಿನಲ್ಲಿ ತೊಳೆದರೆ ನೀರಿನ ಕಲೆ ಉಳಿಯುತ್ತದೆ, ನೆರಳಿನಲ್ಲೇ ತೊಳೆಯಬೇಕು. ಡಾಂಬರಿನ ಚುಕ್ಕೆಗೆ ಸೀಮೆಎಣ್ಣೆ. ಹುಬ್ಬಳ್ಳಿಗೆ ಹೋದವರ ಕೈಲಿ ಮೇಣದ ಪಾಲಿಶ್ ಡಬ್ಬಿ, ಸಣ್ಣ ಗೀರು ತಿಕ್ಕಿ ತೆಗೆಯುವ ಕಂಪೌಂಡ್ ಎಂಬ ಲೇಪದ ಡಬ್ಬಿ ತರಿಸಿದೆ. ಮೇಣವನ್ನು ತೆಳ್ಳಗೆ ಸವರಬೇಕು, ಮಬ್ಬಾಗುವ ತನಕ ಕಾಯಬೇಕು, ಆಮೇಲೆ ತೊಳೆದು ತೊಳೆದು ಮೆತ್ತಗಾದ ಧೋತರದಿಂದ ಉಜ್ಜಬೇಕು. ಮೊದಲ ಸಲ ಮೇಣ ಹಾಕಿದ ದಿನ ಬಾನೆಟ್ ಮೇಲೆ ನೀರು ಚಿಮುಕಿಸಿ ನೋಡಿದೆ. ನೀರು ಹರಡಲಿಲ್ಲ, ಜೋಳದ ಕಾಳಿನ ಹಾಗೆ ದುಂಡಗೆ ನಿಂತಿತು. ಅವ್ವನನ್ನು ಕೂಗಿ ಕರೆದು ತೋರಿಸಿದೆ.

“ಛಂದ ಆಗೈತಿ,” ಅಂದಳು ಅವ್ವ. “ಹಿಂಗ ಒಂದಿನಾನರೆ ರೊಟ್ಟಿ ದುಂಡಗ ಮಾಡಿದ್ಯೇನು?”

ಗಾಡಿ ತೊಳೆಯುವುದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಓಡಿಸುವುದಕ್ಕೆ. ನನಗೆ ಓಡಿಸಲು ಬರುತ್ತಿತ್ತು. ಇಳಕಲ್ಲಿನಲ್ಲಿ ನನ್ನ ಸೋದರಮಾವ, ಅವ್ವನ ತಮ್ಮ, ಕೆಂಪು ಗ್ರಾನೈಟ್ ಕಲ್ಲಿಗೆ ಪಾಲಿಶ್ ಮಾಡುವ ಶೆಡ್ ನಡೆಸುತ್ತಿದ್ದರು. ಅವರ ಜೀಪನ್ನು ಶೆಡ್ಡಿನ ಹಿಂದಿನ ಬಯಲಿನಲ್ಲಿ ಓಡಿಸುತ್ತ ಕಲಿತಿದ್ದೆ. ಮಾಮಾ ನನ್ನನ್ನು ಬಿಜಾಪುರಕ್ಕೆ ಕರೆದುಕೊಂಡು ಹೋಗಿ ಲೈಸನ್ಸೂ ಮಾಡಿಸಿದ್ದರು. ಅದನ್ನು ತಂದು ತೋರಿಸಿದಾಗ ಅಪ್ಪ ಕನ್ನಡಕ ಏರಿಸಿ ಎರಡೂ ಬದಿ ಓದಿದರು.

“ಶಾಬಾಸ್ ಯವ್ವಾ,” ಅಂದರು. “ಕಪಾಟಿನ್ಯಾಗ ಜ್ವಾಕಿ ಇಡು.”

“ಕಪಾಟ ಓಡಸಾಕ ಲೈಸನ್ಸ್ ಬೇಕಾಗಾಂಗಿಲ್ರಿ ಅಪ್ಪಾ.”

“ಮಂದಿ ಏನಂದಾರು? ವಕೀಲನ್ನ ಮಗಳು ಕೋರ್ಟಿಗೆ ತಂದು ಇಳಿಸಿ ಹೋದ್ಳು ಅಂದ್ರ ಕಟ್ಟಿ ಮ್ಯಾಲ ಕುಂತವರು ಸುಮ್ನಿರ್ತಾರೇನು?”

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ನನ್ನ ಕತೆ ಅದೇ ಆಯಿತು. ಅತ್ತ ಅಣ್ಣನಿಗೆ ಅಪ್ಪನನ್ನು ಕೋರ್ಟಿಗೆ ಒಯ್ಯುವುದೆಂದರೆ ಮೈಮೇಲೆ ಮುಳ್ಳು. ಹೊರಡುವ ಹೊತ್ತಿಗೆ ಅವನು ಮನೆಯಲ್ಲೇ ಇರುತ್ತಿರಲಿಲ್ಲ. ಅಪ್ಪ ಕರಿ ಕೋಟು ಹಾಕಿಕೊಂಡು, ಕೆಂಪು ದಾರ ಕಟ್ಟಿದ ಕಾಗದದ ಗಂಟು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದರು. ಒಮ್ಮೆ ಬಾದಾಮಿಗೆ ಹೋಗಿ ಮುಟ್ಟುವುದರೊಳಗೆ ಕೇಸು ಕರೆದು ಮುಂದಕ್ಕೆ ಹಾಕಿಬಿಟ್ಟಿದ್ದರು. ಆ ಕೇಸಿನ ಮುದುಕಿ ಪಟ್ಟದಕಲ್ಲಿನ ಕಡೆಯಿಂದ ಹೊತ್ತು ಹುಟ್ಟುವ ಮೊದಲೇ ಹೊರಟು ಬಂದವಳು. ಎಲ್ಲರ ಎದುರಿಗೆ “ನಿಮಗಿಂತ ಮೊದಲ ನಾ ಬಂದೇನಿ, ಯಪ್ಪಾ” ಅಂದಳಂತೆ. ಅಪ್ಪ ಅಂದು ರಾತ್ರಿ ಉಣ್ಣಲಿಲ್ಲ. ಅಣ್ಣ ಮಾತ್ರ ಎರಡು ಸಲ ಅನ್ನ ಹಾಕಿಸಿಕೊಂಡ. ನಾನಿದ್ದೇನೆ, ಲೈಸನ್ಸ್ ಇದೆ, ಗಾಡಿ ಇದೆ, ಆದರೂ ಈ ಮನುಷ್ಯ ಕಟ್ಟೆಯ ಮೇಲೆ ಕಾಯಬೇಕು! ಆ ಚಾವಿ ನನ್ನ ಕೈಗೆ ಬರಲೇಬೇಕು ಎಂದು ಅಂದೇ ನಿಶ್ಚಯ ಮಾಡಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣ ಗೆಳೆಯರನ್ನು ತುಂಬಿಕೊಂಡು ಬನಶಂಕರಿಗೆ ಹೋದ. ಬರುವಾಗ ಚೊಳಚಗುಡ್ಡದ ಹತ್ತಿರ ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡಲು ಗಾಡಿಯನ್ನು ಜಾಲಿ ಕಂಟಿಯೊಳಗೆ ನುಗ್ಗಿಸಿದ. ಮನೆಗೆ ಬಂದಾಗ ಎಡ ಮಗ್ಗುಲಿನ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿನ ತನಕ ಒಂದೇ ಉದ್ದನೆಯ ಬಿಳಿ ಗೀರು. ನಾನು ವಾರ ವಾರ ಮೇಣ ಹಾಕಿ ಸಾಕಿದ ಮೈ! ಅಣ್ಣನ ಜೊತೆ ನಾನು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಮಾಮಾ ಅಂದು ಇಳಕಲ್ಲಿನಿಂದ ಬಂದು ನಮ್ಮಲ್ಲಿ ಊಟಕ್ಕಿದ್ದರು. ಅಪ್ಪ ಗಾಡಿಯ ಸುತ್ತ ತಿರುಗಿ ನೋಡಿ ಒಳಗೆ ಬಂದು, ಅಣ್ಣನ ಕೈಯಿಂದ ಚಾವಿ ಕಸಿದುಕೊಂಡರು.

“ಈ ಗೀರು ಯಾರು ತಗೀತಾರ, ಚಾವಿ ಅವರ ಕೈಯಾಗ. ಖಂಡೇ ಪೂಜಿ ಒಳಗ ಆಗಬೇಕು. ಅಲ್ಲೀತನ ಗಾಡಿ ನಿಂತಲ್ಲೆ ನಿಂತಿರ್ಲಿ,” ಅಂದರು.

ಖಂಡೇ ಪೂಜೆ ಎಂದರೆ ನಮ್ಮ ಕಡೆಯ ಆಯುಧ ಪೂಜೆ. ಅಪ್ಪ ಈ ಮಾತು ಹೇಳಿದ್ದು ಅಣ್ಣನಿಗೆ. ಅವನಿಗೆ ನಾಚಿಕೆ ಬರಲಿ ಎಂದು. ನಾನು ನಡುವೆ ಬಾಯಿ ಹಾಕಿದೆ. “ಯಾರು ಅಂದ್ರ ಯಾರರೆ ಏನ್ರಿ?”

“ಯಾರರೆ.”

“ಮಾಮಾ, ನೀವು ಕೇಳಿದ್ರಿಲ್ಲ?”

ಮಾಮಾ ರೊಟ್ಟಿ ಮುರಿಯುತ್ತ, “ಎರಡೂ ಕಿವೀಲೆ ಕೇಳೇನಿ,” ಅಂದರು. ಅಪ್ಪ ನಕ್ಕರು. “ನೋಡ್ರಿ, ವಕೀಲನ ಮುಂದ ಸಾಕ್ಷಿ ಕಟ್ಟಿಕೊಂಡ್ಳು!” ಅಂದರು. ನಗುತ್ತಲೇ ಹೇಳಿದರು, ಆದರೆ ಮಾತು ಹಿಂದಕ್ಕೆ ತಗೊಳ್ಳಲಿಲ್ಲ.

ಮರುದಿನ ಮುಂಜಾನೆ ಅಣ್ಣ ಕೂಗಾಡಿ ಎಲ್ಲರನ್ನೂ ಹೊರಗೆ ಕರೆದ. ನೋಡಿದರೆ ಗೀರು ಮಾಯ! ಅಪ್ಪ ಬಗ್ಗಿ ನೋಡಿದರು, ತಲೆ ಆಡಿಸಿದರು. ನನಗೆ ವಾಸನೆ ಬಡಿಯಿತು. ಬೂಟಿಗೆ ಹಚ್ಚುವ ಕರಿ ಪಾಲಿಶ್! ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿ ತಂದು ಒಂದು ಸಲ ಎಳೆದೆ. ಬಿಳಿ ಗೀರು ಮತ್ತೆ ಹಲ್ಲು ಕಿರಿಯಿತು.

“ಲೇ ಮಗನ, ನಿನ್ನ ಮಾರಿಗಿ ಹಚ್ಚಿಕೋಬೇಕಿತ್ತು ಅದನ್ನ,” ಅಂದರು ಅಪ್ಪ. ಅಣ್ಣ ಅಂದಿನಿಂದ ಆ ಪಂದ್ಯದಲ್ಲಿ ಇರಲಿಲ್ಲ.

ನಾನು ಗೀರಿನ ಮೇಲೆ ಉಗುರು ಎಳೆದು ನೋಡಿದೆ. ಉಗುರು ಸಿಕ್ಕಿಕೊಂಡಿತು. ಉಗುರಿಗೆ ಸಿಗದ ಗೀರು ಮೇಲಿನದು, ಕಂಪೌಂಡ್ ಹಚ್ಚಿ ತಿಕ್ಕಿದರೆ ಹೋಗುತ್ತದೆ. ಸಿಕ್ಕರೆ ಆಳದ್ದು. ಆಳದ್ದನ್ನು ತೆಗೆಯುವುದು ನನಗೆ ಗೊತ್ತಿರಲಿಲ್ಲ. ಗೀರು ತೆಗೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರು ನಮ್ಮ ಬಳಗದಲ್ಲಿ ಒಬ್ಬರೇ. ಮಾಮಾ ಇಳಕಲ್ಲಿಗೆ ಹೊರಟಾಗ ನಾನೂ ಅವರ ಜೊತೆ ಜೀಪು ಹತ್ತಿದೆ.

ಶೆಡ್ಡಿನಲ್ಲಿ ಕೆಂಪು ಕಲ್ಲಿನ ಹಾಸು ಹಾಸಿ, ಮೇಲೆ ನೀರು ಬಿಟ್ಟು, ತಿಕ್ಕುವ ಕಲ್ಲುಗಳನ್ನು ತಿರುಗಿಸುತ್ತಿದ್ದರು. ಮೊದಲು ಒರಟು, ಆಮೇಲೆ ನಯ, ಆಮೇಲೆ ಇನ್ನೂ ನಯ. ಅಲ್ಲಿನ ಗದ್ದಲದಲ್ಲಿ ಮಾಮಾ ಕಿವಿಯ ಹತ್ತಿರ ಬಂದು ಕೂಗಿ ಹೇಳಿದರು.

“ಒಂದೊಂದು ಕಲ್ಲು ತನ್ನ ಗೀರು ಬಿಟ್ಟು ಹೋಕ್ಕೈತಿ. ಮುಂದಿನದು ಹಿಂದಿನದರ ಗೀರು ಅಳಸಬೇಕು. ಅವಸರ ಮಾಡಿ ನಡುವಿಂದೊಂದು ಬಿಟ್ಟಿ ಅಂದ್ರ, ಕಡೀಕ ಅದ ನಿನ್ನ ಮಾರಿ ನೋಡಿ ನಗತೈತಿ. ಹೊಳಪು ಅಂದ್ರ ಏನು? ಕಣ್ಣಿಗೆ ಕಾಣದಷ್ಟು ಸಣ್ಣ ಗೀರು, ಅಷ್ಟ.”

ಈ ಮಾತು ನನಗೆ ಬಹಳ ಹಿಡಿಸಿತು. ಶೆಡ್ಡಿನ ಮೂಲೆಯಲ್ಲಿ ಹಳೇ ಲಾರಿಯ ಬಾಗಿಲೊಂದು ಬಿದ್ದಿತ್ತು. ಅದರ ಮೇಲೆ ಮೊಳೆಯಿಂದ ಗೀರೆಳೆದು, ವಾಟರ್ ಪೇಪರ್ ಅನ್ನುವ, ನೀರು ಹಚ್ಚಿ ತಿಕ್ಕುವ ಪಾಲಿಶ್ ಕಾಗದ ತಗೊಂಡು ಕಲ್ಲಿನವರ ಹಾಗೇ ತಿಕ್ಕಲು ಕೂತೆ. ಗೀರು ಹೋಗುವ ತನಕ ಸುತ್ತಲಿನದನ್ನೆಲ್ಲ ಅದರ ಆಳಕ್ಕೆ ಇಳಿಸಬೇಕು, ಅಷ್ಟೇ ಅಲ್ಲವೇ? ತಿಕ್ಕಿದೆ, ತಿಕ್ಕಿದೆ. ಗೀರೇನೋ ಹೋಯಿತು. ಜೊತೆಗೆ ಬಣ್ಣವೂ ಹೋಗಿ, ಅದರಡಿಯ ಅಸ್ತರಿನ ಬಣ್ಣವೂ ಹೋಗಿ, ಅಂಗೈ ಅಗಲ ಬರೀ ತಗಡು ಕಂಡಿತು. ಮಾಮಾ ನಕ್ಕೂ ನಕ್ಕೂ ಕೆಮ್ಮಿದರು.

“ಅಲ್ಲವ್ವಾ, ಕಲ್ಲಿನ್ಯಾಗ ಎಷ್ಟು ಇಳದ್ರೂ ಕಲ್ಲ ಇರತೈತಿ. ಇಲ್ಲಿ ಬಣ್ಣ ಉಳ್ಳಾಗಡ್ಡಿ ಸಿಪ್ಪಿಯಷ್ಟು. ಇಳಸೂದಲ್ಲ, ತುಂಬಬೇಕು ಇದನ್ನ.”

ತುಂಬುವುದು! ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಅದೇ ಬಾಗಿಲಿನ ಮೇಲೆ ಇನ್ನೊಂದು ಗೀರೆಳೆದು, ಬಣ್ಣ ತುಂಬಿ, ಒಣಗಿಸಿ, ಉಬ್ಬಿದ್ದನ್ನಷ್ಟೇ ತಿಕ್ಕಿ ಸಮ ಮಾಡುವುದನ್ನು ಕಲಿತೆ. ಕೈಗೆ ನಂಬಿಕೆ ಬಂದ ಮೇಲೆ ಹೊರಟೆ. ಬರುವ ದಾರಿಯಲ್ಲಿ ಹುನಗುಂದದಲ್ಲಿ ಇಳಿದು, ಲಾರಿಗಳಿಗೆ ಬಣ್ಣ ಹೊಡೆಯುವವರ ಹತ್ತಿರ ಕರಿ ಬಣ್ಣ ಒಂದು ಸಣ್ಣ ಬಾಟಲಿ ತಗೊಂಡೆ. ಬಸ್ಸಿನಲ್ಲಿ ಅದನ್ನು ಕೈಯಲ್ಲೇ ಹಿಡಿದುಕೊಂಡು ಬಾಗಲಕೋಟೆಗೆ ಬಂದೆ.

ಬಂದು ನೋಡಿದರೆ, ಎಪ್ಪಾ, ಏನು ಹೇಳಲಿ! ಬಾನೆಟ್ ಇಡೀ ಬೆಳ್ಳಗೆ ಮಬ್ಬಾಗಿತ್ತು. ಹತ್ತಿರ ಹೋದರೆ ಸಾವಿರ ಗೀರು, ಸುತ್ತು ಸುತ್ತಾಗಿ. ಪಕ್ಕದಲ್ಲಿ ಅವ್ವ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು. ಅವಳ ಒಂದು ಕೈಯಲ್ಲಿ ತೆಂಗಿನ ನಾರು, ಇನ್ನೊಂದು ಕೈಯಲ್ಲಿ ಒಲೆಯ ಬೂದಿ ಮತ್ತು ಹುಣಸೆಹಣ್ಣು ಕಲೆಸಿದ ಬಟ್ಟಲು.

“ತಾಮ್ರದ ಹಂಡೆ ಹೆಂಗ ಫಳಫಳ ಹೊಳಿತೈತಿ,” ಅಂದಳು. ದನಿ ಸಣ್ಣದಾಗಿತ್ತು. “ನೀ ಬರೂದ್ರಾಗ ಒಂದೀಟು ಮಾಡಿಟ್ರ ನಿನಗ ಹಗುರಾಗ್ತದ ಅಂತ ಮಾಡಿದ್ನಿ. ಇದ್ಯಾಕ ಹಿಂಗಾತು?”

ನಾನು ಚೀರಿದೆ. ಓಣಿಗೆಲ್ಲ ಕೇಳುವ ಹಾಗೆ ಚೀರಿದೆ. “ಹಂಡೆ ಒಳಗೂ ತಾಮ್ರ, ಹೊರಗೂ ತಾಮ್ರ ಅವ್ವಾ! ಇದು ಹಂಡೆ ಏನು? ಯಾರ್ ಹೇಳಿದ್ರು ನಿನಗ ಮುಟ್ಟಂತ?”

ಅವ್ವ ಬಟ್ಟಲನ್ನು ಕೆಳಗಿಟ್ಟಳು. “ನಿನ್ನ ಕೈಯಾಗ ಚಾವಿ ನೋಡಬೇಕಂತ ನನಗೂ ಆಸೆ ಇಲ್ಲೇನು?” ಅಂದಳು. “ಬಂಡಿಯಿಂದ ಹಿಡದು ಕಾರಿನ ತನ ಹಿಂದ ಕುಂತ ನನ್ನ ಬಾಳೇವು ಆತು. ಇವರು ‘ಹೊಂಡೋಣು’ ಅಂದಾಗ ಹೊಂಡೂದು, ‘ಇಳಿ’ ಅಂದಾಗ ಇಳಿಯೂದು. ನೀ ಓಡಸಿದ್ರ ನಾ ನಿನ್ನ ಮಗ್ಗಲಾಗ ಮುಂದ ಕುಂಡ್ರಬೇಕಂತ ಮಾಡಿದ್ನಿ.”

ನನ್ನ ಸಿಟ್ಟು ಎಲ್ಲಿ ಹೋಯಿತೋ. ಇಬ್ಬರೂ ಗಾಡಿಯ ಪಕ್ಕದಲ್ಲೇ ನೆಲದ ಮೇಲೆ ಕೂತು ಅತ್ತೆವು. ಆಮೇಲೆ ಅವ್ವ ಮೂಗು ಒರೆಸಿಕೊಂಡು, “ಅಳೂದಾತು. ಈಗೇನು ಮಾಡೋದು ಹೇಳು,” ಅಂದಳು.

ಉಗುರು ಎಳೆದು ನೋಡಿದೆ. ಬಾನೆಟ್ಟಿನ ಗೀರು ಉಗುರಿಗೆ ಸಿಗಲಿಲ್ಲ. ಬೂದಿ ನಯವಾಗಿತ್ತು, ಅವ್ವ ಜರಡಿ ಹಿಡಿದಿದ್ದಳಂತೆ. ಬದುಕಿಕೊಂಡೆವು. ಅಂದಿನಿಂದ ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿದ ಕೂಡಲೇ ಇಬ್ಬರೂ ಚಪ್ಪರಕ್ಕೆ ಬರುತ್ತಿದ್ದೆವು. ಕಂಪೌಂಡನ್ನು ಒದ್ದೆ ಬಟ್ಟೆಗೆ ಕಡಲೆಕಾಳಿನಷ್ಟು ತಗೊಂಡು, ಅಂಗೈ ಅಗಲದ ಜಾಗ ಹಿಡಿದು ತಿಕ್ಕುವುದು, ಒರೆಸುವುದು, ವಾರೆಗಣ್ಣಿನಿಂದ ನೋಡುವುದು, ಮತ್ತೆ ತಿಕ್ಕುವುದು. ಅವ್ವನ ಕೈ ಎಂಥ ಕೈ! ರೊಟ್ಟಿ ಬಡಿದು ಬಡಿದು ಗಟ್ಟಿಯಾದ ರಟ್ಟೆ, ದಣಿವೆಂಬುದೇ ಇಲ್ಲ. ನನ್ನ ತೋಳು ಸೋತು ಬಿದ್ದುಹೋದರೂ ಅವಳದು ಒಂದೇ ಲಯದಲ್ಲಿ ನಡೆಯುತ್ತಿತ್ತು. ನೀರು ತರಲು ಬಂದ ಹೆಣ್ಣುಮಕ್ಕಳು ಕೊಡ ಇಳಿಸಿ ನಿಂತು, “ಏನ್ರೀ ವೈನಿ, ಕಾರಿಗಿ ಎಣ್ಣಿ ನೀರ ಹಾಕಾಕತ್ತೀರೇನು?” ಎಂದು ಕಾಡಿಸುತ್ತಿದ್ದರು. “ಹೌದವ್ವಾ, ಬಾಣಂತಿ ಐತಿ,” ಅನ್ನುತ್ತಿದ್ದಳು ಅವ್ವ, ಕೈ ನಿಲ್ಲಿಸದೆ. ಬಾನೆಟ್ ಮೊದಲಿಗಿಂತ ಕಪ್ಪಗಾಯಿತು.

ಇನ್ನು ಉಳಿದದ್ದು ಆ ಉದ್ದನೆಯ ಗೀರು. ಅದನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಿದೆ. ಬಣ್ಣ ತುಂಬಲು ಹೋದರೆ ಕುಂಚ ದಪ್ಪವಾಯಿತು, ಬಣ್ಣ ಗೀರಿನಾಚೆ ಹರಿಯಿತು. ಒರೆಸಿ ಮತ್ತೆ ಯತ್ನಿಸಿದೆ, ಮತ್ತೆ ಹರಿಯಿತು. ಆಗ ಅವ್ವ ಒಳಗೆ ಹೋಗಿ ತನ್ನ ಕಾಡಿಗೆ ಕಡ್ಡಿ ತಂದುಕೊಟ್ಟಳು. ಕಣ್ಣಿಗೆ ಹಚ್ಚುವಷ್ಟೇ ಜಾಗ್ರತೆಯಿಂದ, ಉಸಿರು ಹಿಡಿದು, ಗೀರಿನೊಳಗೆ ಬಣ್ಣ ಇಳಿಸುತ್ತ ಹೋದೆ. ಒಣಗಿದ ಮೇಲೆ ಬಣ್ಣ ಕುಗ್ಗಿತು. ಮತ್ತೆ ತುಂಬಿದೆ. ಮತ್ತೆ ಕುಗ್ಗಿತು. ಗೀರು ತುಂಬಿ, ಬೆರಳಿಗೆ ಎಳೆ ದಾರದಷ್ಟು ಉಬ್ಬು ತಾಕುವ ತನಕ ಬಿಡಲಿಲ್ಲ.

ಆಮೇಲೆ ಸಮ ಮಾಡುವ ದಿನ ಬಂತು. ಲಾರಿ ಬಾಗಿಲಿನ ಬರೀ ತಗಡು ಕಣ್ಣ ಮುಂದೆ ಬರುತ್ತಿತ್ತು. ಅತಿ ನಯವಾದ ವಾಟರ್ ಪೇಪರನ್ನು ರಬ್ಬರಿನ ತುಂಡಿಗೆ ಸುತ್ತಿ, ಸೋಪಿನ ನೀರು ಹನಿಸುತ್ತ, ಗೀರಿನ ಗುಂಟ ಮಾತ್ರ ಎಳೆದೆ. ಎಳೆಯುವುದು, ಒರೆಸುವುದು, ಬೆರಳಿನಿಂದ ನೋಡುವುದು. ಬಾಗಿಲಿನ ಅಂಚಿಗೆ ಬರುವಾಗ ಕೆಳಗಿನ ಕೆಂಪು ಅಸ್ತರು ಸೂಜಿಮೊನೆಯಷ್ಟು ಇಣುಕಿತು. ಕೈ ಅಲ್ಲೇ ನಿಲ್ಲಿಸಿ, ಅಷ್ಟಕ್ಕೆ ಮತ್ತೆ ಬಣ್ಣ ಮುಟ್ಟಿಸಿ, ಒಂದು ದಿನ ಕಾದೆ. ಕಾಯುವುದು ನನ್ನ ಹಣೆಯಲ್ಲಿ ಬರೆದದ್ದಲ್ಲ, ಆದರೂ ಹಲ್ಲು ಕಚ್ಚಿ ಕಾದೆ. ಆಮೇಲೆ ಕಂಪೌಂಡ್, ಆಮೇಲೆ ಮೇಣ.

ಖಂಡೇ ಪೂಜೆಯ ದಿನ ಮುಂಜಾನೆ ಅಣ್ಣನೂ ನಾನೂ ಗಾಡಿಯನ್ನು ತಳ್ಳಿ ಬಿಸಿಲಿಗೆ ತಂದೆವು. ಅಪ್ಪ ಜಳಕ ಮಾಡಿ ವಿಭೂತಿ ಹಚ್ಚಿಕೊಂಡು ಬಂದರು. ಎಡ ಮಗ್ಗುಲಿಗೆ ಹೋದರು. ದೂರದಿಂದ ನೋಡಿದರು, ಬಗ್ಗಿ ನೋಡಿದರು, ಕನ್ನಡಕ ತೆಗೆದು ನೋಡಿದರು, ಕೊನೆಗೆ ಉಗುರು ಎಳೆದರು.

“ಎಲ್ಲಿತ್ತದು?” ಅಂದರು.

ಬಲ ಮಗ್ಗುಲಿಗೂ ಹೋಗಿ ನೋಡಿ ಬಂದರು, ತಮಗೇ ಮಗ್ಗುಲು ತಪ್ಪಿತೇನೋ ಎಂದು. ಅವ್ವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಪೂಜೆ ಆಯಿತು. ಬಾನೆಟ್ಟಿಗೆ ವಿಭೂತಿ ಹಚ್ಚಲು ಬಿಟ್ಟೆ, ಬಂಪರ್ ಮೇಲೆ ಕಾಯಿ ಒಡೆಯಲು ಬಿಡಲಿಲ್ಲ. “ದೇವರಿಗೆ ನೆಲದ ಮ್ಯಾಲ ಒಡದ್ರೂ ಮುಟ್ಟತೈತಿ” ಅಂದೆ. ಅಪ್ಪ ಕಿಸೆಯಿಂದ ಚಾವಿ ತೆಗೆದರು. ನನ್ನ ಅಂಗೈ ಆಗಲೇ ಮುಂದೆ ಹೋಗಿತ್ತು.

ಅವರು ಚಾವಿಯನ್ನು ನೋಡಿದರು, ಗಾಡಿಯನ್ನು ನೋಡಿದರು. ಚಾವಿ ಮತ್ತೆ ಕಿಸೆಗೆ ಹೋಯಿತು.

“ಕೊಡ್ತೇನಿ ಯವ್ವಾ. ಮಾತು ಅಂದ್ರ ಮಾತ,” ಅಂದರು. “ಆದ್ರ ಇಷ್ಟು ಛಂದ ಆಗಿದ್ದನ್ನ ರಸ್ತಾಕ್ಕ ಒಯ್ಯೋದು ಹ್ಯಾಂಗ? ಈಗ ಒಂದು ಗೀರು ಬಿದ್ರ ನನ್ನ ಜೀವ ಹೋಕ್ಕೈತಿ. ನಾಕು ದಿನ ಇರ್ಲಿ, ನೋಡೋಣಂತ.”

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಒಳಗೆ ನಡೆದರು. ನನ್ನ ಮೈ ಉರಿದುಹೋಯಿತು. ಗೀರು ಇದ್ದಾಗ ಗೀರಿದೆ ಎಂದು ಕೊಡಲಿಲ್ಲ, ಇಲ್ಲದಾಗ ಬೀಳುತ್ತದೆ ಎಂದು ಕೊಡಲಿಲ್ಲ!

ನಾಕು ದಿನ ಹೋಗಿ ದೀಪಾವಳಿ ಬಂತು, ಹೋಯಿತು. ಮಾತಿಗೆ ತಪ್ಪಿದ ಹಾಗಾಗಬಾರದು ಎಂದು ಅಪ್ಪ ಅಣ್ಣನಿಗೂ ಚಾವಿ ಕೊಡಲಿಲ್ಲ. ಅಣ್ಣ ಆರಾಮಾದ. ಗಾಡಿ ಚಪ್ಪರದಲ್ಲಿ ಕನ್ನಡಿಯ ಹಾಗೆ ನಿಂತಿತ್ತು, ಅಪ್ಪ ಕಾಗದದ ಗಂಟು ಬಗಲಲ್ಲಿ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದರು. ಹುನಗುಂದದಿಂದ ಒಮ್ಮೆ ನಿಂತೇ ಬಂದರು. ಸೊಂಟ ಹಿಡಿದು ಎರಡು ದಿನ ಏಳಲಿಲ್ಲ. ಅವ್ವ ಎಣ್ಣೆ ಕಾಸಿ ತಿಕ್ಕಿದಳು. ನಾನು ಗಾಡಿಗೆ ಮೇಣ ಹಾಕುತ್ತಲೇ ಇದ್ದೆ. ಎಷ್ಟು ಹೊಳೆದರೆ ಅಷ್ಟು ಚಾವಿ ನನ್ನಿಂದ ದೂರ ಹೋಗುತ್ತಿದೆ ಎಂಬುದು ಗೊತ್ತಿದ್ದರೂ ಕೈ ಬಿಡಲಿಲ್ಲ.

ಆಮೇಲೆ ಬಾದಾಮಿಯಲ್ಲಿ ಆ ಪಟ್ಟದಕಲ್ಲಿನ ಕಡೆಯ ಮುದುಕಿಯ ಕೇಸು ಮತ್ತೆ ಬಂತು. ಅಂದು ಅಪ್ಪ ಸೊಂಟದ ನೋವಿಗೆ ಮೆಲ್ಲಗೆ ಕೋಟು ಹಾಕಿಕೊಂಡು, ಮೆಲ್ಲಗೆ ಮೆಟ್ಟಿಲಿಳಿದರು. ನಾನು ಗಾಡಿಯ ಪಕ್ಕದಲ್ಲಿ ನಿಂತಿದ್ದೆ, ಲೈಸನ್ಸ್ ಕೈಯಲ್ಲಿ ಹಿಡಿದು.

“ಬಸ್ಸು ಹೋಗಿರ್ತೈತ್ರಿ,” ಅಂದೆ. “ಮುಂದಿನದು ಹಿಡದ್ರ ಇವತ್ತೂ ಆ ಮುದುಕಿ ನಿಮಗಿಂತ ಮೊದಲ ಬಂದಿರ್ತಾಳ. ಚಾವಿ ಕೊಡ್ರಿ.”

ಅಪ್ಪ ಕಿಸೆಗೆ ಕೈ ಹಾಕಿದರು. ಚಾವಿ ತೆಗೆದು ನನ್ನ ಅಂಗೈಯಲ್ಲಿಟ್ಟರು, ಆದರೆ ಬೆರಳು ಬಿಡಲಿಲ್ಲ. “ನ್ಯಾಯವಾಗಿ ನಿಂದ ಇದು. ನಾ ಇಲ್ಲ ಅನ್ನಾಂಗಿಲ್ಲ. ಆದ್ರ ಒಂದೂ ಗೀರು ಬೀಳದಾಂಗ ತರ್ತೇನಿ ಅಂತ ಖಾತ್ರಿ ಕೊಡು.”

“ಅಂಥಾ ಖಾತ್ರಿ ಯಾರೂ ಕೊಡಾಂಗಿಲ್ರಿ ಅಪ್ಪಾ. ರಸ್ತಾ ಅಂದಮ್ಯಾಲ ಬೀಳತೈತಿ.”

“ಅದ ನೋಡು, ಅದಕ್ಕ ನಾ ಅನ್ನೋದು...”

ಅವರ ಬೆರಳು ಸಡಿಲಾಗಿತ್ತು. ಚಾವಿ ತಗೊಂಡೆ. ನಾನೇ ಉಸಿರು ಹಿಡಿದು ಬಣ್ಣ ತುಂಬಿದ, ನಾನೇ ಉಸಿರು ಹಿಡಿದು ಸಮ ಮಾಡಿದ ಆ ಬಾಗಿಲಿನ ನಡುವೆ ಚಾವಿಯ ಮೊನೆ ಊರಿ, ಗೇಣುದ್ದ ಎಳೆದೆ. ಕರ್ರ್ ಎಂದಿತು. ಹೊಸಿಲ ಮೇಲೆ ನಿಂತಿದ್ದ ಅವ್ವ “ಅಯ್ಯ ಶಿವನ!” ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ಬಿತ್ರಿ ಗೀರು,” ಅಂದೆ. “ನಿಮ್ಮ ಜೀವ ಹೋತೇನ್ರಿ? ಇನ್ನ ಬೀಳತೈತಂತ ಅಂಜೂದು ಯಾಕ? ಇದನ್ನ ತಗಿಯಾಕ ಈ ಮನ್ಯಾಗ ನನಗ ಬರತೈತಿ. ಸಂಜಿಕೆ ಬಂದು ಶುರು ಮಾಡ್ತೇನಿ. ಕುಂಡ್ರಿ ಒಳಗ.”

ಅಪ್ಪ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಗೀರಿನ ಹತ್ತಿರ ಬಂದು ಅದರ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಮುಂದಿನ ಬಾಗಿಲು ತೆಗೆದು, ಸೊಂಟ ಹಿಡಿದುಕೊಂಡು ಕೂತು, ಗಂಟನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಆಚೆ ಕಡೆಯಿಂದ ಹತ್ತಿದೆ.

“ತಗೀಬ್ಯಾಡ ಅದನ್ನ,” ಅಂದರು, ನನ್ನ ಕಡೆ ನೋಡದೆ. “ಇರ್ಲಿ. ತಗದಿ ಅಂದ್ರ ನಾ ಮತ್ತ ಅಂಜತೇನಿ.”

ನಾನು ಗಾಡಿ ಚಾಲೂ ಮಾಡಿದೆ.